ಮೂರು ಮನೆಯ ಸೋಫಾ ಮತ್ತು ಮಹಾಂತಮ್ಮ

ಮಹಾಂತಮ್ಮನಿಗೆ ಕಾಫಿ ಆಗಿಬರುತ್ತಿರಲಿಲ್ಲ. ಎರಡು ಗುಟುಕಿಗೆ ಎದೆಯುರಿ, ನಾಲ್ಕು ಗುಟುಕಿಗೆ ತಲೆನೋವು. ಆದರೂ ಕೊನೆಯ ಐದು ವರ್ಷ ಅವಳು ಪ್ರತಿ ಭಾನುವಾರ ನಾಲ್ಕೈದು ಲೋಟ ಕಾಫಿ ಕುಡಿದಳು, ಅದೂ ಒಂದೊಂದು ಲೋಟ ಒಂದೊಂದು ಮನೆಯಲ್ಲಿ. ಕುಡಿಯದಿದ್ದರೆ ಆ ಮನೆಯವರು ‘ನಮ್ಮ ಅರ್ಜಿ ಬಿದ್ದುಹೋಯ್ತು’ ಅಂದುಕೊಳ್ಳುತ್ತಿದ್ದರು. ಹೋದ ತಿಂಗಳು ಆಸ್ಪತ್ರೆಯಲ್ಲಿ ಡಾಕ್ಟರು, “ಕಾಫಿ ಕುಡೀತೀರಾ?” ಎಂದು ಕೇಳಿದಾಗ ಅವಳು ನನ್ನ ಕಡೆ ಕೈ ತೋರಿಸಿ, “ಇವಳ ಸಂಘದ ದೆಸೆಯಿಂದ,” ಅಂದಳು. ಅದಾದ ಮೂರನೆಯ ದಿನ ಅವಳ ಹೃದಯ ನಿಂತಿತು. ಅದಕ್ಕೂ ಕಾಫಿಗೂ ಸಂಬಂಧವಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ನಾನು ಎರಡು ಸಲ ಕೇಳಿ ಖಚಿತಪಡಿಸಿಕೊಂಡೆ.

ನಾವಿಬ್ಬರೂ ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಬೆಳೆದವರು. ಅವಳಪ್ಪ ಫಿಟ್ಟರ್, ನಮ್ಮಪ್ಪ ಸ್ಟೋರಿನ ಗುಮಾಸ್ತ. ಎಡಗಡೆ ಮನೆಯಲ್ಲಿ ತಮಿಳು, ಬಲಗಡೆ ತೆಲುಗು, ನಡುವೆ ನಾವು. ಮಹಾಂತಮ್ಮ ಮೂರು ಭಾಷೆಯಲ್ಲೂ ಜಗಳ ಆಡಬಲ್ಲವಳಾಗಿದ್ದಳು. ಆಮೇಲೆ ಶಿವಮೊಗ್ಗದ ಒಂದು ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಮೂವತ್ತೊಂದು ವರ್ಷ ವಾರ್ಡನ್ ಆಗಿದ್ದಳು. ಮದುವೆ ಯಾಕೆ ಆಗಲಿಲ್ಲ ಎಂದು ಕೇಳಿದವರಿಗೆ, “ನೂರಾ ಇಪ್ಪತ್ತು ಹುಡುಗೀರನ್ನ ಇಟ್ಕೊಂಡಿದೀನಿ, ಗಂಡನ್ನ ಯಾವ ರೂಮಿಗೆ ಹಾಕ್ಲಿ?” ಅನ್ನುತ್ತಿದ್ದಳು. ನಿವೃತ್ತಿಯಾದ ಮೇಲೆ ರವೀಂದ್ರನಗರದಲ್ಲಿ ಒಂದು ಮಹಡಿ ಮನೆ ಬಾಡಿಗೆಗೆ ಹಿಡಿದಳು. ಹದಿನೈದು ದಿನದಲ್ಲಿ ಮನೆ ಓನರಿಗೇ ಬೆಳಿಗ್ಗೆ ಐದೂವರೆಗೆ ಏಳುವ ಅಭ್ಯಾಸ ಮಾಡಿಸಿದಳು.

ಅವಳನ್ನು ಸಂಘಕ್ಕೆ ಎಳೆದುತಂದವಳು ನಾನೇ. ನಮ್ಮದು ‘ಸೂರು ಬಾಡಿಗೆ ಮನೆಗಳ ಸಂಘ’. ನಾನು ಅದರ ಕಾರ್ಯದರ್ಶಿ. ರಾಗಿಗುಡ್ಡದ ಕಡೆ ಒಬ್ಬ ಪುಣ್ಯಾತ್ಗಿತ್ತಿ ಒಂದು ಎಕರೆ ಜಾಗ ಬರೆದುಕೊಟ್ಟರು. ದಾನಿಗಳ ದುಡ್ಡು ಅಷ್ಟು, ಬ್ಯಾಂಕ್ ಸಾಲ ಇಷ್ಟು ಸೇರಿಸಿ ಮೂವತ್ತಾರು ಮನೆ ಕಟ್ಟಿದೆವು. ಭದ್ರಾವತಿಯಲ್ಲಿ ಪಾಳು ಬಿದ್ದಿದ್ದ ಹನ್ನೆರಡು ಹಳೇ ಮನೆಗಳ ಒಂದು ಸಾಲನ್ನು ಕೊಂಡು ರಿಪೇರಿ ಮಾಡಿದೆವು. ಹೊರಗಿನ ಬಾಡಿಗೆಯ ಅರ್ಧಕ್ಕೆ ಕೊಡುತ್ತೇವೆ. ಹತ್ತು ತಿಂಗಳ ಅಡ್ವಾನ್ಸ್ ಕೇಳುವುದಿಲ್ಲ. ಬಂದ ಬಾಡಿಗೆ ಬ್ಯಾಂಕಿಗೆ, ಟ್ಯಾಂಕ್ ತೊಳೆಸಲಿಕ್ಕೆ, ಸೋರುವ ಚಾವಣಿಗೆ ಹೋಗುತ್ತದೆ. ಬಾಡಿಗೆದಾರರೆಲ್ಲ ಸಂಘದ ಸದಸ್ಯರು. ನಿಯಮ ಪಾಲಿಸಿಕೊಂಡಿದ್ದರೆ ಎಷ್ಟು ವರ್ಷವಾದರೂ ಇರಬಹುದು, ಯಾರೂ ಎಬ್ಬಿಸುವುದಿಲ್ಲ. ಮಾರುವುದಿಲ್ಲ, ಯಾರ ಹೆಸರಿಗೂ ಮಾಡಿಕೊಡುವುದಿಲ್ಲ.

ಇಷ್ಟು ಸರಳವಾದದ್ದನ್ನು ನಂಬುವ ಒಬ್ಬ ಮನುಷ್ಯನೂ ಜಿಲ್ಲೆಯಲ್ಲಿ ಸಿಗಲಿಲ್ಲ.

“ಹಕ್ಕುಪತ್ರ ಯಾವಾಗ ಕೊಡ್ತೀರಿ?”

“ಕೊಡಲ್ಲ.”

“ಹತ್ತು ವರ್ಷ ಆದ್ಮೇಲೆ?”

“ಆಗಲೂ ಇಲ್ಲ.”

“ಹಂಗಾದ್ರೆ ಕೊನೆಗೆ ಮನೆ ಯಾರಿಗೆ ಹೋಗುತ್ತೆ?”

“ಯಾರಿಗೂ ಹೋಗಲ್ಲ. ಅಲ್ಲೇ ಇರುತ್ತೆ.”

ಕೇಳಿದವರು ನಮ್ಮನ್ನು ಅನುಕಂಪದಿಂದ ನೋಡಿ ಅರ್ಜಿ ತುಂಬುತ್ತಿದ್ದರು. ಭದ್ರಾವತಿ ಸಾಲಿನ ಚೌಡಪ್ಪ ಎಂಬುವರು ಇನ್ನೂ ಮುಂದೆ ಹೋದರು. ಬಾಡಿಗೆಗೆ ಬಂದ ಮೂರನೇ ತಿಂಗಳು ಗೇಟಿನ ಕಂಬಕ್ಕೆ ಗ್ರಾನೈಟ್ ಕಲ್ಲಿನಲ್ಲಿ ‘ಚೌಡಪ್ಪ ನಿಲಯ’ ಎಂದು ಕೆತ್ತಿಸಿ ಹಾಕಿಸಿದರು. ಕೀಳಿಸಲು ಹೋದ ಮಹಾಂತಮ್ಮನ ಎದುರು ಅವರ ಹೆಂಡತಿ ಕಣ್ಣೀರು ಹಾಕಿಕೊಂಡು, ಮದುವೆಯಾದ ಮೇಲೆ ಇದು ಹನ್ನೊಂದನೇ ಮನೆ, ಒಂದರ ಗೋಡೆಗಾದರೂ ಹೆಸರು ಇರಲಿ ಅಂತ ಆಸೆ ಎಂದಳು. ಮಹಾಂತಮ್ಮ, “ಇರ್ಲಿ ಬಿಡಿ. ಆದ್ರೆ ಕೆಳಗಡೆ ಸಣ್ಣ ಅಕ್ಷರದಲ್ಲಿ ‘ಬಾಡಿಗೆಗೆ’ ಅಂತ ಕೆತ್ತಿಸಿ,” ಅಂದಳು. ಚೌಡಪ್ಪ ಹಾಗೇ ಕೆತ್ತಿಸಿದರು. ಈಗ ದಾರಿಹೋಕರು ವಾರಕ್ಕೆ ಇಬ್ಬರಾದರೂ ಗೇಟು ತಟ್ಟಿ ‘ಮನೆ ಬಾಡಿಗೆಗೆ ಇದೆಯಾ?’ ಎಂದು ಕೇಳುತ್ತಾರೆ.

ಮಹಾಂತಮ್ಮನ ಕೆಲಸ ಅರ್ಜಿದಾರರ ಮನೆಗೆ ಹೋಗಿ ನೋಡಿಬರುವುದು. ಒಂದು ಮನೆ ಖಾಲಿಯಾದರೆ ಅರವತ್ತು ಅರ್ಜಿ ಇರುತ್ತವೆ. ಯಾರಿಗೆ ಹೆಚ್ಚು ಅಗತ್ಯ ಎಂದು ತೀರ್ಮಾನಿಸಲು ನಮ್ಮ ಅಧ್ಯಕ್ಷರಾದ ಗಂಗಾಧರಪ್ಪನವರು ಒಂದು ನಮೂನೆ ತಯಾರಿಸಿದ್ದರು. ಅಡಿಕೆ ಮಂಡಿ ನಡೆಸಿದವರು, ರಾಶಿ ನೋಡಿ ದರ್ಜೆ ಹೇಳುವ ಕಣ್ಣು ಅವರದು. ಸೋಫಾ ಇದೆಯೇ, ಫ್ರಿಜ್ ಇದೆಯೇ, ಮಿಕ್ಸಿ ಇದೆಯೇ, ಟಿ.ವಿ. ಎಷ್ಟು ಇಂಚು ಎಂದು ಹದಿನೆಂಟು ಪ್ರಶ್ನೆ. ಇರುವ ಒಂದೊಂದು ವಸ್ತುವಿಗೂ ಇಷ್ಟಿಷ್ಟು ಅಂಕ ಕಡಿತ. ಹೇಳದೆ ಕೇಳದೆ ಒಬ್ಬರ ಮನೆಗೆ ನುಗ್ಗುವುದು ಸಭ್ಯತೆಯಲ್ಲ ಎಂದು ವಾರ ಮೊದಲೇ ಕಾಗದ ಹಾಕಿ, ‘ಭಾನುವಾರ ಇಷ್ಟು ಗಂಟೆಗೆ ನಮ್ಮ ಪ್ರತಿನಿಧಿ ಬರುತ್ತಾರೆ’ ಎಂದು ತಿಳಿಸುತ್ತಿದ್ದೆವು. ಆ ಕಾಗದ ಬರೆಯುತ್ತಿದ್ದವಳು ನಾನು. ನಮ್ಮ ಬುದ್ಧಿವಂತಿಕೆಯ ಬಗ್ಗೆ ನಮಗೆ ಯಾವ ಅನುಮಾನವೂ ಇರಲಿಲ್ಲ.

ಮೂರು ವರ್ಷದ ಹಿಂದೆ ಜನವರಿಯಲ್ಲಿ ಮಹಾಂತಮ್ಮ ವಿದ್ಯಾನಗರದ ಹಿಂದಿನ ಒಂದು ವಠಾರಕ್ಕೆ, ಸಣ್ಣಮ್ಮ ಎಂಬುವರ ಮನೆಗೆ ಹೋದಳು. ಸಣ್ಣಮ್ಮ ರವಿಕೆ ಹೊಲಿದು ಬದುಕುವ ಹೆಂಗಸು. ಗಂಡ ತೀರಿಕೊಂಡಿದ್ದ. ಮಗಳು ಲಿಖಿತಾ ಎರಡನೇ ಪಿಯುಸಿ. ವಠಾರ ಒಡೆದು ಹೊಸ ಕಟ್ಟಡ ಎಬ್ಬಿಸುತ್ತೇನೆ, ಫೆಬ್ರವರಿ ಕೊನೆಗೆ ಎಲ್ಲರೂ ಖಾಲಿ ಮಾಡಿ ಎಂದು ಓನರು ಹೇಳಿಯಾಗಿತ್ತು. ಮಾರ್ಚಿಗೆ ಹುಡುಗಿಯ ಪರೀಕ್ಷೆ. ನಮ್ಮಲ್ಲಿ ಆಗ ಖಾಲಿ ಇದ್ದದ್ದು ಹದಿನಾಲ್ಕನೇ ನಂಬರಿನ ಮನೆ ಒಂದೇ.

ಮಹಾಂತಮ್ಮ ವಾಪಸು ಬಂದು ನಮೂನೆ ನನ್ನ ಮುಂದಿಟ್ಟಳು. ಸೋಫಾ ಇದೆ. ಫ್ರಿಜ್ ಇದೆ. ಗೋಡೆ ಗಡಿಯಾರ, ಪಿಂಗಾಣಿ ಕಪ್ಪು ಇವೆ. ತಿಂಡಿಗೆ ಗೋಡಂಬಿ ಹಾಕಿದ ಕೇಸರಿಬಾತು. ಕೆಳಗೆ ಅವಳ ದುಂಡನೆಯ ಅಕ್ಷರದಲ್ಲಿ ‘ಅನುಕೂಲಸ್ಥರು. ಆತುರವಿಲ್ಲ.’

“ಪಾಪ, ಮನೆ ಮಾತ್ರ ಸಣ್ಣದು ಮಾರಾಯ್ತಿ,” ಅಂದಳು. “ಫ್ರಿಜ್ ಬಾಗಿಲು ಪೂರ್ತಿ ತೆಗೆಯಕ್ಕೇ ಆಗಲ್ಲ, ಸೋಫಾ ಅಡ್ಡ ಬರುತ್ತೆ.”

ಸಣ್ಣಮ್ಮ ಪಟ್ಟಿಯಲ್ಲಿ ಹತ್ತೊಂಬತ್ತನೆಯವಳಾದಳು.

ಮುಂದಿನ ಎರಡು ಭಾನುವಾರ ಅದೇ ವಠಾರದ ಇನ್ನೆರಡು ಅರ್ಜಿ ಇದ್ದವು. ಎರಡನೆಯದನ್ನು ಮುಗಿಸಿಕೊಂಡು ಮಹಾಂತಮ್ಮ ಆಟೋದಲ್ಲಿ ನೇರ ನಮ್ಮ ಮನೆಗೇ ಬಂದಳು. ಚಪ್ಪಲಿ ಕೂಡ ಬಿಚ್ಚಲಿಲ್ಲ. ಅವಳು ಚಪ್ಪಲಿ ಹಾಕಿಕೊಂಡು ನಮ್ಮ ಹಾಲಿಗೆ ಬಂದದ್ದು ಜನ್ಮದಲ್ಲಿ ಅದೊಂದೇ ಸಲ.

“ನಾನು ಮೂರು ವಾರದಿಂದ ಒಂದೇ ಸೋಫಾ ಮೇಲೆ ಕೂತಿದೀನಿ ಕಣೇ,” ಅಂದಳು.

“ಅಂದ್ರೆ?”

“ಮೂರು ಮನೆ, ಒಂದೇ ಸೋಫಾ. ಕೆಂಪು ಬಟ್ಟೆ, ಬಲಗೈ ಇಡೋ ಕಡೆ ಇಸ್ತ್ರಿ ಪೆಟ್ಟಿಗೆ ಸುಟ್ಟ ಗುರುತು. ಕಪ್ಪೂ ಅದೇ, ಹಿಡಿ ಮುರಿದದ್ದು. ಮೂರೂ ಕಡೆ ನನಗೆ ಅದರಲ್ಲೇ ಕಾಫಿ ಕೊಟ್ರು. ಮೊದಲನೇ ಮನೇಲಿ ಬಾಗಿಲ ಪಕ್ಕ ಇದ್ದ ಫ್ರಿಜ್ಜು ಇವತ್ತು ಮೂರನೇ ಮನೇಲಿ ದೇವರ ಪಟದ ಕೆಳಗಿದೆ, ಪ್ಲಗ್ಗಿಗೆ ವಯರೂ ಇಲ್ಲ!”

ಮೊದಲು ನನಗೆ ನಗು ಬಂತು. ಅವಳಿಗೆ ಬರಲಿಲ್ಲ. ನೆಂಟರು ಬರುತ್ತಾರೆ ಅಂದರೆ ಪಕ್ಕದ ಮನೆಯಿಂದ ಕುರ್ಚಿ, ಕಪ್ಪು, ಒಳ್ಳೆಯ ಜಮಖಾನ ತಂದು ಹಾಕುವುದು ನಮ್ಮ ಊರಿನಲ್ಲಿ ಯಾರ ಮನೆಯಲ್ಲಿಲ್ಲ? ಹೆಣ್ಣು ನೋಡಲು ಬರುತ್ತಾರೆ ಅಂದರೆ ಇಡೀ ಬೀದಿಯೇ ಸಾಮಾನು ಹೊರುತ್ತದೆ. ಕ್ವಾರ್ಟರ್ಸಿನಲ್ಲಿ ನಮ್ಮಮ್ಮನ ಬೆಳ್ಳಿ ಕುಂಕುಮದ ಬಟ್ಟಲು ನಮ್ಮ ಮನೆಗಿಂತ ಹೆಚ್ಚು ಬೇರೆಯವರ ಮನೆಯಲ್ಲೇ ಇರುತ್ತಿತ್ತು. ಇದೆಲ್ಲ ಗೊತ್ತಿದ್ದೂ, ವಾರ ಮೊದಲೇ ಕಾಗದ ಹಾಕಿ, ಅವರು ಮರ್ಯಾದೆಗೆ ಜೋಡಿಸಿಟ್ಟ ಸಾಮಾನನ್ನು ಎಣಿಸಿ, ಅದಕ್ಕೆ ಅಂಕ ಕಳೆದಿದ್ದೆವು.

“ಸಣ್ಣಮ್ಮನಿಗೆ ಇನ್ನು ಹದಿನೆಂಟು ದಿನ ಇದೆ,” ಅಂದಳು ಮಹಾಂತಮ್ಮ.

ಗಂಗಾಧರಪ್ಪನವರಿಗೆ ಫೋನ್ ಮಾಡಿದೆ. ಅವರು ಪೂರ್ತಿ ಕೇಳಿಸಿಕೊಂಡು, “ನಿಯಮದ ಪ್ರಕಾರ ಮತ್ತೊಂದು ಭೇಟಿ ಆಗ್ಬೇಕು. ನಿಯಮದ ಪ್ರಕಾರ ಕಾಗದ ಹಾಕ್ಬೇಕು. ಸಾಮಾನು ತಮ್ಮದಲ್ಲ ಅಂತ ಆಯಮ್ಮನೇ ಬರೆದುಕೊಡ್ಲಿ, ಪಟ್ಟಿ ಬದಲಾಯಿಸೋಣ,” ಅಂದರು.

ಕಾಗದ ಹಾಕಿದೆವು. ಭಾನುವಾರ ಮಧ್ಯಾಹ್ನ ಮೂರು ಗಂಟೆ. ಈ ಸಲ ನಾನೂ ಜೊತೆಗೆ ಹೋದೆ. ದಾರಿಯಲ್ಲಿ ಆಟೋ ಪಂಕ್ಚರ್ ಆಗಿ ನಾವು ತಲುಪಿದ್ದು ಮೂರೂ ಮುಕ್ಕಾಲಿಗೆ. ಹತ್ತಡಿ ಹತ್ತಡಿಯ ಕೋಣೆ. ನಡುವೆ ಕೆಂಪು ಸೋಫಾ, ಸಿಂಹಾಸನದ ಹಾಗೆ.

“ಬನ್ನಿ ಅಕ್ಕಾ, ಕೂತ್ಕೊಳಿ,” ಅಂದಳು ಸಣ್ಣಮ್ಮ. ಮಹಾಂತಮ್ಮ ಕೂತು ಇಸ್ತ್ರಿ ಸುಟ್ಟ ಜಾಗದ ಮೇಲೆ ಬೆರಳಾಡಿಸಿದಳು.

“ಸೋಫಾ ಎಲ್ಲಿ ತಗೊಂಡ್ರಿ ಸಣ್ಣಮ್ಮಾ?”

“ಗಾಂಧಿ ಬಜಾರಲ್ಲಿ ಅಕ್ಕಾ. ಲಿಖಿತಾ ಹುಟ್ಟಿದ ವರ್ಷ.”

“ಹೋದ ವಾರ ಆ ಕೊನೆ ಮನೇಲೂ ಇಂಥದ್ದೇ ಒಂದು ನೋಡ್ದೆ.”

“ಒಂದೇ ಅಂಗಡೀದು ಅಕ್ಕಾ.”

“ಇಸ್ತ್ರಿ ಸುಟ್ಟ ಗುರುತೂ ಹಂಗೇ ಇತ್ತು.”

ಸಣ್ಣಮ್ಮ ಕಣ್ಣು ಮಿಟುಕಿಸಲಿಲ್ಲ. “ಅದು ಡಿಸೈನು,” ಅಂದಳು.

ಮೂಲೆಯಲ್ಲಿ ನಿಂತಿದ್ದ ಲಿಖಿತಾ ಪುಸ್ತಕದಿಂದ ಮುಖ ಮುಚ್ಚಿಕೊಂಡಳು. ಅಷ್ಟರಲ್ಲಿ ಬಾಗಿಲಿಗೆ ಎದುರು ಮನೆಯ ದಾಕ್ಷಾಯಣಮ್ಮ ಬಂದರು. ರೇಷ್ಮೆ ಸೀರೆ, ತಲೆತುಂಬ ಹೂವು, ಮುಖದ ಮೇಲೆ ಬೆವರು.

“ಸಣ್ಣಮ್ಮಾ, ಒಂಚೂರು ಸಕ್ಕರೆ ಇದ್ಯಾ?” ಅಂದರು. ಕಣ್ಣು ಮಾತ್ರ ಸೋಫಾ ಮೇಲೆ.

ಸಕ್ಕರೆ ಇಸಿದುಕೊಂಡು ಹೋದರು. ಐದು ನಿಮಿಷಕ್ಕೆ ಮತ್ತೆ ಬಂದು, “ಕರಿಬೇವು ಇದ್ಯಾ?” ಅಂದರು. ಸಕ್ಕರೆ ಬಟ್ಟಲು ಇನ್ನೂ ಅವರ ಕೈಯಲ್ಲೇ ಇತ್ತು.

“ಅವರ ಮನೇಲಿ ಏನೋ ವಿಶೇಷ ಇದ್ದ ಹಾಗಿದೆ,” ಅಂದಳು ಮಹಾಂತಮ್ಮ, ಇನ್ನೂ ಹಿಂದಕ್ಕೆ ಒರಗಿಕೊಂಡು.

“ಅವರ ಮಗಳು ಸೌಂದರ್ಯನ ನೋಡಕ್ಕೆ ತರೀಕೆರೆ ಕಡೆಯಿಂದ ಗಂಡಿನವರು ಬರ್ತಿದಾರೆ ಅಕ್ಕಾ. ಅದಕ್ಕೂ ನಮಗೂ ಏನೂ ಇಲ್ಲ,” ಅಂದಳು ಸಣ್ಣಮ್ಮ. ಇದೆ ಅಂತ ಯಾರೂ ಅಂದಿರಲಿಲ್ಲ.

ಮೂರನೇ ಸಲ ದಾಕ್ಷಾಯಣಮ್ಮ ಏನೂ ಕೇಳಲಿಲ್ಲ. “ಊರೊಳಗೆ ಬಂದೇ ಬಿಟ್ರಂತೆ!” ಎಂದು ಕೂಗಿಕೊಂಡೇ ಒಳಗೆ ಬಂದರು.

ಮಹಾಂತಮ್ಮ ಎದ್ದು ನಿಂತಳು. “ತಗೊಂಡು ಹೋಗಿ ತಾಯಿ, ನಿಮ್ಮ ಸೋಫಾ,” ಅಂದಳು.

ಸಣ್ಣಮ್ಮನ ಮುಖ ಬಿಳಿಚಿತು. ಅವಳ ಬಾಯಿಂದ ಮಾತು ಬಂದದ್ದು ಮಾತ್ರ ಗಟ್ಟಿಯಾಗೇ. “ಅವರು ಯಾಕೆ ತಗೊಂಡು ಹೋಗ್ಬೇಕು ಅಕ್ಕಾ? ಇದು ನಮ್ಮ ಸೋಫಾ.”

ದಾಕ್ಷಾಯಣಮ್ಮ ಬಾಯಿ ತೆರೆದರು. ಸಣ್ಣಮ್ಮನನ್ನು ನೋಡಿದರು, ಮಹಾಂತಮ್ಮನ ಕೈಯಲ್ಲಿದ್ದ ನಮೂನೆ ನೋಡಿದರು. ಹೊರಗೆ ಕಾರಿನ ಹಾರನ್ ಕೇಳಿಸಿತು. ಆ ಹೆಂಗಸು ಆ ಕ್ಷಣ ಮಾಡಿದ್ದನ್ನು ನಾನು ಎಷ್ಟೋ ಸಲ ನೆನೆಸಿಕೊಂಡಿದ್ದೇನೆ. ಬಾಯಿ ಮುಚ್ಚಿ, ಸೆರಗು ಸರಿಮಾಡಿಕೊಂಡು, “ಹೌದು ಮೇಡಂ, ಅವರದ್ದೇ. ಒಂದು ಗಂಟೆ ಮಟ್ಟಿಗೆ ನಮಗೆ ಕೊಡ್ತಾರಾ ಅಂತ ಕೇಳೋಕೆ ಬಂದೆ,” ಅಂದರು.

“ಅದಕ್ಕೇನಂತೆ, ತಗೊಂಡು ಹೋಗಿ ಅಕ್ಕಾ,” ಅಂದಳು ಸಣ್ಣಮ್ಮ, ದೊಡ್ಡ ಮನಸ್ಸು ಮಾಡಿ.

ಸೋಫಾ ಬಾಗಿಲಲ್ಲಿ ಸಿಕ್ಕಿಕೊಂಡಿತು. ಒಂದು ಕಡೆ ದಾಕ್ಷಾಯಣಮ್ಮ ಮತ್ತು ಲಿಖಿತಾ, ಇನ್ನೊಂದು ಕಡೆ ಸಣ್ಣಮ್ಮ. ಮಹಾಂತಮ್ಮ ನಮೂನೆಯನ್ನು ನನ್ನ ಕೈಗೆ ತುರುಕಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಾಸ್ಟೆಲಿನಲ್ಲಿ ಮಂಚ ಸಾಗಿಸುವಾಗಿನ ಗಂಟಲಿನಲ್ಲಿ, “ಓರೆ ಮಾಡ್ರೇ, ಓರೆ! ಕಾಲು ಮೊದಲು ಹೊರಗೆ!” ಎಂದು ಕೂಗಿ ಒಂದು ತುದಿ ಎತ್ತಿದಳು. ಗಂಡಿನ ಕಡೆಯವರು ವಠಾರದೊಳಗೆ ಕಾಲಿಡುವ ಹೊತ್ತಿಗೆ ಸೋಫಾ ಎದುರು ಮನೆ ಸೇರಿತ್ತು. ಏದುಸಿರು ಬಿಡುತ್ತ ಅದರ ಮೇಲೇ ಕೂತಿದ್ದ ಮಹಾಂತಮ್ಮನನ್ನು ಅವರು ಹುಡುಗಿಯ ದೊಡ್ಡಮ್ಮ ಎಂದುಕೊಂಡು ಕೈ ಮುಗಿದರು. ಅವಳೂ ಮುಗಿದಳು. “ಹುಡುಗಿ ಚಿನ್ನ,” ಎಂದು ಸರ್ಟಿಫಿಕೇಟು ಕೊಟ್ಟೇ ಹೊರಗೆ ಬಂದಳು. ಆ ಹುಡುಗಿಯನ್ನು ಅವಳು ನೋಡಿಯೂ ಇರಲಿಲ್ಲ.

ಸಣ್ಣಮ್ಮನ ಕೋಣೆಗೆ ಮರಳಿದೆವು. ಸೋಫಾ ಇದ್ದ ಜಾಗದ ಹಿಂದಿನ ಗೋಡೆ ಸೊಂಟದೆತ್ತರದವರೆಗೆ ತೇವ ಹಿಡಿದು ಉದುರಿತ್ತು. ಸುತ್ತಿಟ್ಟ ಎರಡು ಚಾಪೆ, ಪ್ಲಾಸ್ಟಿಕ್ ಹೊದಿಸಿದ ಲಿಖಿತಾಳ ಪುಸ್ತಕಗಳು, ಹೊಲಿಗೆ ಮಷೀನು. ಅಷ್ಟೇ. ನಾವು ನೆಲದ ಮೇಲೆ ಕೂತೆವು.

ಯಾರೂ ಏನೂ ಕೇಳದೆ ಸಣ್ಣಮ್ಮನೇ ಮಾತಾಡಿದಳು. “ಹತ್ತು ಓನರ್‌ಗಳನ್ನ ನೋಡಿದೀನಿ ಅಕ್ಕಾ. ಗಂಡಸಿಲ್ಲದ ಮನೆ, ಬಾಡಿಗೆ ಎಲ್ಲಿಂದ ಕೊಡ್ತಾಳೆ ಅಂತ ಮೊದಲು ಸಾಮಾನು ನೋಡ್ತಾರೆ. ಖಾಲಿ ಕೋಣೆ ತೋರಿಸಿದ್ರೆ ಯಾರು ಮನೆ ಕೊಡ್ತಾರೆ ಹೇಳಿ?”

ಮಹಾಂತಮ್ಮ ಬರೆದುಕೊಡಿ ಎಂದು ಕೇಳಲೇ ಇಲ್ಲ. ಕೈಗೆ ಬಂದ ಕಾಫಿಯನ್ನು ಕೊನೆಯ ಗುಟುಕಿನವರೆಗೆ ಕುಡಿದು ಎದ್ದಳು.

ಶನಿವಾರದ ಸಭೆಯಲ್ಲಿ ಗಂಗಾಧರಪ್ಪನವರು ಕನ್ನಡಕ ಏರಿಸಿ, “ಎಲ್ಲಿ, ಆಯಮ್ಮ ಬರೆದುಕೊಟ್ಟ ಕಾಗದ?” ಅಂದರು.

“ಅವಳು ಬರೆದುಕೊಡಲ್ಲ. ನಾನೇ ಬರೆದಿದೀನಿ,” ಎಂದು ಮಹಾಂತಮ್ಮ ಒಂದು ಹಾಳೆ ಕೊಟ್ಟಳು.

ಅಧ್ಯಕ್ಷರು ಗಟ್ಟಿಯಾಗಿ ಓದಿದರು. “‘ಸಣ್ಣಮ್ಮನವರ ಮನೆಯಲ್ಲಿ ನಾನು ಕಂಡ ಸೋಫಾ, ಫ್ರಿಜ್, ಕಪ್ಪುಗಳು ನನ್ನ ಗೌರವಾರ್ಥ ಇಟ್ಟವು. ಅದನ್ನು ತಿಳಿಯದೆ ಅವರ ಹೆಸರಿಗೆ ಬರೆದ ನಾನು ದಡ್ಡಿ. ಇಂತಿ, ಮಹಾಂತಮ್ಮ.’” ಅವರು ಹಾಳೆ ಕೆಳಗಿಟ್ಟರು. “ಅಮ್ಮಾ, ‘ದಡ್ಡಿ’ ಅನ್ನೋದು ನಡಾವಳಿ ಪುಸ್ತಕಕ್ಕೆ ಹೋಗಕ್ಕಾಗಲ್ಲ.”

“ಹೋಗ್ಬೇಕು. ಮೂವತ್ತೊಂದು ವರ್ಷದಲ್ಲಿ ಯಾವ ಹುಡುಗಿ ಕೈಲೂ ‘ನಾನು ಬಡವಿ’ ಅಂತ ಬರೆಸಿಲ್ಲ. ಈಗ ಬರೆಸಲ್ಲ. ಯಾರಾದ್ರೂ ಒಬ್ಬರು ಬರೆದುಕೊಡಲೇಬೇಕು ಅಂದ್ರೆ ನಾನೇ ಬರೆದುಕೊಡ್ತೀನಿ.”

“ನಿಯಮ ಮಾಡಿದವನು ನಾನು. ನೀವು ದಡ್ಡಿ ಆದ್ರೆ ನಾನೇನು?”

“ಅದನ್ನ ಬೇಕಾದ್ರೆ ನೀವು ಬೇರೆ ಹಾಳೆಲಿ ಬರೀರಿ.”

ಮಂಡಿಯ ಮನುಷ್ಯನಿಗೆ ಸಿಟ್ಟು ಬರುತ್ತದೆ ಎಂದು ನಾನು ಅಂದುಕೊಂಡೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಹದಿನೆಂಟು ಪ್ರಶ್ನೆಯ ನಮೂನೆಯನ್ನು ಅವತ್ತೇ ಕೈಬಿಟ್ಟೆವು. ಈಗ ನಾಲ್ಕೇ ಪ್ರಶ್ನೆ: ನೀರು ಎಲ್ಲಿಂದ ತರುತ್ತೀರಿ, ಸ್ನಾನಕ್ಕೆ ಎಲ್ಲಿ ಹೋಗುತ್ತೀರಿ, ಮಳೆಗಾಲದಲ್ಲಿ ಯಾವ ಮೂಲೆಯಲ್ಲಿ ಮಲಗುತ್ತೀರಿ, ನಿಮ್ಮನ್ನು ಮನೆ ಬಿಡಿ ಅನ್ನಲು ಯಾರಿಗೆ ಹಕ್ಕಿದೆ. ಉತ್ತರಗಳನ್ನು ನೋಡಿದ ಮೇಲೆ ಸಣ್ಣಮ್ಮ ಹತ್ತೊಂಬತ್ತರಿಂದ ಮೊದಲಿಗೆ ಬಂದಳು. ಫೆಬ್ರವರಿ ಇಪ್ಪತ್ತಾರಕ್ಕೆ ಹದಿನಾಲ್ಕನೇ ಮನೆಯಲ್ಲಿ ಹಾಲುಕ್ಕಿಸಿದಳು. ಆ ವಠಾರದ ಉಳಿದಿಬ್ಬರಿಗೆ ಮನೆ ಸಿಗಲು ಇನ್ನೂ ಒಂದು ವರ್ಷ ಹಿಡಿಯಿತು. ಅವರ ಹೆಸರು ಹೇಳಿದಾಗಲೆಲ್ಲ ಮಹಾಂತಮ್ಮ ಎದೆ ನೀವಿಕೊಳ್ಳುತ್ತಿದ್ದಳು. ಎದೆಯುರಿ ಎಂದೇ ನಾನು ತಿಳಿದಿದ್ದೆ.

ಹನ್ನೊಂದನೇ ದಿನ ಅವಳ ಶಿವಗಣಾರಾಧನೆಗೆ ರಾಗಿಗುಡ್ಡದ ಮೂವತ್ತೈದು ಮನೆಯವರು ಬಂದಿದ್ದರು. ಸಣ್ಣಮ್ಮ ಕಾಣಲಿಲ್ಲ. ಮರುದಿನ ಬೆಳಿಗ್ಗೆ ಹುಷಾರಿಲ್ಲವೇನೋ ಎಂದು ನೋಡಲು ಹೋದೆ.

ಹದಿನಾಲ್ಕನೇ ಮನೆಯ ಬಾಗಿಲು ತೆರೆದಿತ್ತು. ಪಾತ್ರೆಗಳೆಲ್ಲ ಗೋಣಿಚೀಲ ಸೇರಿದ್ದವು. ಬಟ್ಟೆಯ ಎರಡು ಗಂಟು, ಹಗ್ಗ ಬಿಗಿದ ಹೊಲಿಗೆ ಮಷೀನು. ಗುಡಿಸಿ ಒರೆಸಿದ ಬರಿ ನೆಲದ ಮೇಲೆ ಸಣ್ಣಮ್ಮ ಕೂತಿದ್ದಳು.

“ಎಲ್ಲಿಗೆ ಸಣ್ಣಮ್ಮಾ?”

“ಗೊತ್ತಿಲ್ಲ ಅಕ್ಕಾ. ಕೊಟ್ಟವರೇ ಹೋದ್ಮೇಲೆ ಎಷ್ಟು ದಿನ ಇರಕ್ಕಾಗುತ್ತೆ? ನೀವು ಬಂದು ಹೇಳೋ ಮೊದಲೇ ಕಟ್ಟಿಟ್ಕೊಂಡ್ರೆ ಮರ್ಯಾದೆ.”

ಎರಡು ದಿನದಿಂದ ಹೀಗೇ ಕಾಯುತ್ತಿದ್ದಳಂತೆ. ಅಡುಗೆಯೂ ಇಲ್ಲ, ಪಾತ್ರೆ ಗೋಣಿಚೀಲದಲ್ಲಿದ್ದವಲ್ಲ. ತಾಯಿ ಮಗಳು ಎರಡು ದಿನ ಮಂಡಕ್ಕಿ ತಿಂದಿದ್ದರು. ಹನ್ನೆರಡು ದಿನದಿಂದ ಹಿಡಿದುಕೊಂಡಿದ್ದ ಅಳು ನನಗೆ ಅಲ್ಲಿ ಬಂತು. ಸಣ್ಣಮ್ಮ ಗಾಬರಿಯಾಗಿ, ನನ್ನನ್ನು ಸಮಾಧಾನ ಮಾಡಲು ಲೋಟ ಹುಡುಕಿ ಗೋಣಿಚೀಲ ಬಿಚ್ಚಿದಳು.

ನೀರು ಕುಡಿದು ಹೇಳಿದೆ. ಈ ಮನೆ ಮಹಾಂತಮ್ಮನದಾಗಿರಲಿಲ್ಲ, ನನ್ನದಲ್ಲ, ಗಂಗಾಧರಪ್ಪನವರದ್ದೂ ಅಲ್ಲ. ಸಂಘದ್ದು. ಯಾರು ಹೋದರೂ ಇದು ಹೋಗುವುದಿಲ್ಲ.

“ಸಂಘ ಅಂದ್ರೆ ಯಾರು ಅಕ್ಕಾ?”

“ನೀವೂ ಒಬ್ಬರು. ಮೆಂಬರ್ ಕಾರ್ಡ್ ಕೊಟ್ಟಿದೀವಲ್ಲ.”

“ಹಂಗಾದ್ರೆ ನನ್ನ ಎಬ್ಬಿಸ್ಬೇಕಾದ್ರೆ ನನ್ನನ್ನೂ ಕೇಳ್ಬೇಕು.”

“ಹೂಂ.”

“ನಾನು ಒಪ್ಪಲ್ಲ,” ಅಂದಳು. ಎದ್ದು ಸ್ಟೌವ್ ಹೊರಗೆ ತೆಗೆದಳು.

ಮಷೀನಿನ ಹಗ್ಗದ ಗಂಟು ಮಾತ್ರ ಬಿಡಲಿಲ್ಲ. ನಾವಿಬ್ಬರೂ ಉಗುರು ಹಾಕಿ, ಹಲ್ಲು ಹಾಕಿ ಕಾಲು ಗಂಟೆ ಒದ್ದಾಡಿದೆವು. ಕಾಲೇಜಿಗೆ ಹೊರಟಿದ್ದ ಲಿಖಿತಾ ಬಂದು ನೋಡಿ, ಕತ್ತರಿ ತೆಗೆದುಕೊಂಡು ಕಚಕ್ಕನೆ ಕತ್ತರಿಸಿಬಿಟ್ಟಳು.

“ಅಯ್ಯೋ, ಒಳ್ಳೇ ಹಗ್ಗ ಹಾಳು ಮಾಡಿದ್ಯಲ್ಲೇ!” ಅಂದಳು ಸಣ್ಣಮ್ಮ.

“ಇನ್ನು ಯಾಕಮ್ಮ ಅದು?” ಅಂದಳು ಮಗಳು.